ಜ್ವರ ಇಲ್ಲದಿದ್ದರೂ ಜ್ವರ ಅಂದೆ. ಈ ಗರ್ವಕ್ಕೆ ಏನು ಮಾಡೋದು?

ಹಳೇ ಹಾರ್ಮೋನಿಯಂ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ವಂದನೆ. ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು. ಇವತ್ತು ಬರೆಯುತ್ತಿದ್ದೇನೆ. ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗಬಹುದಿತ್ತು, ಆದರೆ ನಮ್ಮ ಫಾದರ್‌ಗೆ ನನ್ನ ದನಿ ಚೆನ್ನಾಗಿ ಗೊತ್ತು.

ನಮ್ಮದು ತೀರ್ಥಹಳ್ಳಿ ಕಡೆ. ಚರ್ಚಿಗೆ ಹೋಗಬೇಕಾದರೆ ಮಂಡಗದ್ದೆ ದಾಟಬೇಕು. ಎರಡು ಎಕರೆ ಅಡಿಕೆ ಇದೆ. ಚರ್ಚಿನ ಹಾಡಿನ ತಂಡ 22 ವರ್ಷದಿಂದ ನನ್ನ ಕೈಯಲ್ಲಿತ್ತು. ಹಾರ್ಮೋನಿಯಂ ನನ್ನದೇ. ಮಳೆಗಾಲದಲ್ಲಿ ಅದರ ತಿದಿ ಹಸಿ ಹಿಡಿಯುತ್ತದೆ ಅಂತ ಒಲೆಯ ಬಿಸಿ ತಾಗುವ ಅಟ್ಟದ ಮೇಲೆ ಕಂಬಳಿ ಸುತ್ತಿ ಇಡುತ್ತೇನೆ. ಮನೆಯವಳು ಹೇಳುವುದುಂಟು, ಮಗುವನ್ನೂ ನೀವು ಇಷ್ಟು ಬೆಚ್ಚಗೆ ಇಟ್ಟಿರಲಿಲ್ಲ ಅಂತ.

ಈಗ ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದಾನೆ. ಮನೆಯಿಂದಲೇ ಕೆಲಸವಂತೆ. ಕೀಬೋರ್ಡ್ ತಂದಿದ್ದಾನೆ. ಹೋದ ತಿಂಗಳ ಪಾಲನಾ ಮಂಡಳಿ ಮೀಟಿಂಗಿನಲ್ಲಿ, ಈ ಸಲ ಕ್ರಿಸ್‌ಮಸ್ ಹಾಡು ಅವನೇ ನೋಡಿಕೊಳ್ಳಲಿ, ನೀವು ಹಿರಿಯರು, ಮಾರ್ಗದರ್ಶನ ಮಾಡಿ ಅಂದರು. ಮಾರ್ಗದರ್ಶನ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ.

ನಾನು ಎದ್ದು ನಿಂತು, "ದೇವರ ಮಹಿಮೆಗೆ ಯಾರು ಹಾಡಿದರೇನು?" ಅಂದೆ. ಚಪ್ಪಾಳೆ ಬಿತ್ತು. ಎಂಥ ದೀನತೆ ಮಾರಾಯ್ರೇ ಅಂತ ಹಿಂದಿನಿಂದ ಯಾರೋ ಅಂದದ್ದು ಕಿವಿಗೆ ಬಿತ್ತು, ಹಿತವಾಗಿತ್ತು.

ಇವತ್ತು ಅವನ ಮೊದಲ ಭಾನುವಾರ. ನಾನು ಜ್ವರ ಅಂತ ಹೇಳಿ ಮನೆಯಲ್ಲಿ ಉಳಿದೆ. ಜ್ವರ ಇರಲಿಲ್ಲ. ಮನೆಯವಳು ಕಾಳುಮೆಣಸಿನ ಕಷಾಯ ಮಾಡಿಕೊಟ್ಟಳು, ಎರಡು ಲೋಟ ಕುಡಿಯಬೇಕಾಯಿತು. ಅವಳು ಚರ್ಚಿಗೆ ಹೋದ ಮೇಲೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಪೂಜೆಯ ಲೈವ್ ನೋಡಿದೆ. ಹುಡುಗ ಎರಡು ಕಡೆ ತಾಳ ತಪ್ಪಿದ. ನನಗೆ ಖುಷಿಯಾಯಿತು. ಸಣ್ಣ ಖುಷಿಯಲ್ಲ. ಎದುರಿಗೆ ಕಪ್ಪು ಪರದೆ ಬಂದಾಗ ಅದರಲ್ಲಿ ನನ್ನ ಮುಖ ಕಂಡಿತು, ನಗುತ್ತಾ ಇತ್ತು. ಹೆದರಿಕೆಯಾಯಿತು.

ಮುಂದಿನ ವಾರ ಹೋಗಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ?

ಕಂಬಳಿ ಕೊಪ್ಪೆ (ರಾತ್ರಿ 9:58)

ಎರಡು ಲೋಟ ಕಷಾಯ ಕುಡಿದಿರಲ್ಲ ಮಾವ, ಅರ್ಧ ಪ್ರಾಯಶ್ಚಿತ್ತ ಅಲ್ಲೇ ಆಯ್ತು.

ಬೈಬಲ್ಲಿನ ಜ್ಞಾನೋಕ್ತಿ 16:18 ನೆನಪಾಯಿತು. "ಗರ್ವದಿಂದ ಭಂಗ, ಉಬ್ಬಿನಿಂದ ದೊಬ್ಬು." ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸುವಾಗ "ದೊಬ್ಬು" ಅನ್ನುವ ಹೊತ್ತಿಗೆ ಪಕ್ಕದವನನ್ನು ನಿಜವಾಗಿಯೂ ದೊಬ್ಬುತ್ತಿದ್ದೆವು. ಆ ವಚನ ಇವತ್ತಿಗೂ ಮರೆತಿಲ್ಲ.

ನೀವೊಬ್ಬರೇ ಅಂದುಕೊಳ್ಳಬೇಡಿ. ಮಂಗಳೂರಿಂದ ನೆಂಟರು ಬಂದರೆ ನಾನು ಮೊದಲು ಕರೆದುಕೊಂಡು ಹೋಗುವುದು ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕಥೀಡ್ರಲ್‌ಗೆ. 18,000 ಚದರ ಅಡಿ ಅಂತ ಹೇಳುವಾಗ ನಾನೇ ಗಾರೆ ಕಲಸಿ ಕಟ್ಟಿದ ಹಾಗೆ ಹೇಳುತ್ತೇನೆ. ಒಳಗೆ ಹೋಗಿ ಒಂದು ನಿಮಿಷ ಮೊಣಕಾಲೂರಿದ್ದು ಕಡಿಮೆ.

ಸತ್ಯಮಾರ್ಗ (ರಾತ್ರಿ 10:15)

ಸಹೋದರರೇ, ದೀನತೆಗೆ ಏಳು ಸೂತ್ರಗಳಿವೆ. ಮೊದಲನೆಯದು ಬೆಳಗಿನ ಜಾವ 4 ಗಂಟೆಗೆ ಎದ್ದು ಪ್ರಾರ್ಥಿಸುವುದು. ನಾನು 15 ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಎರಡನೆಯದು ಉಪವಾಸ. ಅದನ್ನೂ ತಪ್ಪಿಸಿಲ್ಲ. ಉಳಿದ ಐದು ನಾಳೆ ಹಾಕುತ್ತೇನೆ.

ಕಂಬಳಿ ಕೊಪ್ಪೆ (ರಾತ್ರಿ 10:17)

ನಿಧಾನಕ್ಕೆ ಹಾಕಿ ಅಣ್ಣ. ಎರಡಕ್ಕೇ ನಮಗೆ ಸಾಕಾಗಿದೆ.

ಭದ್ರಾವತಿ 64 (ಸೋಮವಾರ, ಬೆಳಗ್ಗೆ 6:30)

ಹಾರ್ಮೋನಿಯಂ ಅವರೇ, ನಾನು ಪ್ರಾಟೆಸ್ಟೆಂಟ್ ಸಭೆಯವನು. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿದ್ದೇನೆ. ನಿಮ್ಮದು ಹಾಡಿನ ಗರ್ವ. ನನ್ನದು ಪಾಪದ ಗರ್ವ. ಕೇಳಿ.

ನಾನು ಮೊದಲು ಕುಡಿಯುತ್ತಿದ್ದೆ. ಬಿಟ್ಟೆ. ದೇವರು ಬಿಡಿಸಿದ. ಅದು ನಿಜ. ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳು, ದೇವರು ನಿನ್ನನ್ನು ಹೇಗೆ ಬದಲಾಯಿಸಿದ ಅಂತ ಎಲ್ಲರ ಮುಂದೆ ಹೇಳು ಅಂದರು. ಹೇಳಿದೆ. ಜನ ಕಣ್ಣೀರು ಹಾಕಿದರು. ಇನ್ನೊಂದು ಕೂಟಕ್ಕೆ ಕರೆದರು, ಮತ್ತೊಂದಕ್ಕೆ ಕರೆದರು. ಮೊದಲ ವರ್ಷದ ಸಾಕ್ಷಿಯಲ್ಲಿ ನಾನು ದಿನಕ್ಕೆ ಒಂದು ಕ್ವಾರ್ಟರ್ ಕುಡಿಯುತ್ತಿದ್ದೆ. ಐದನೇ ವರ್ಷಕ್ಕೆ ಅದು ಹಾಫ್ ಆಯಿತು. ಹತ್ತನೇ ವರ್ಷಕ್ಕೆ ಫುಲ್ ಬಾಟ್ಲಿ, ಜೊತೆಗೆ ಚರಂಡಿಯಲ್ಲಿ ಬಿದ್ದದ್ದು, ನಾಯಿ ಮುಖ ನೆಕ್ಕಿದ್ದು.

ಒಂದು ರಾತ್ರಿ ಕೂಟ ಮುಗಿಸಿ ಆಟೋದಲ್ಲಿ ಬರುತ್ತಿದ್ದೆವು. ಮನೆಯಾಕೆ ತಣ್ಣಗೆ ಅಂದಳು: "ನೀವು ಹೇಳಿದಷ್ಟು ಕುಡಿದಿದ್ದರೆ ಸಾಕ್ಷಿ ಹೇಳೋಕೆ ನೀವು ಇರ್ತಿರಲಿಲ್ಲ. ಆ ನಾಯಿ ಯಾವುದು? ನಮ್ಮ ಬೀದೀಲಿ ನಾಯೀನೇ ಇರಲಿಲ್ಲ."

ಲೂಕ 18ರ ಸುಂಕದವನು ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು, ದೇವರೇ ಪಾಪಿಯಾದ ನನ್ನನ್ನು ಕರುಣಿಸು ಅಂತ ಒಂದೇ ಮಾತು ಹೇಳಿ ಮನೆಗೆ ಹೋದ. ಅವನು ಮರುವಾರ ಮೈಕಿನ ಮುಂದೆ ಬಂದು ಎದೆ ಹೇಗೆ ಬಡಿದುಕೊಂಡೆ ಅಂತ ತೋರಿಸಿದ್ದು ಬೈಬಲ್ಲಿನಲ್ಲಿ ಇಲ್ಲ.

ಈಗ ಕರೆದರೂ ನಾನು ಸಾಕ್ಷಿ ಹೇಳುವುದಿಲ್ಲ. ಕುರ್ಚಿ ಜೋಡಿಸುತ್ತೇನೆ. (ಅದನ್ನೂ ಇಲ್ಲಿ ಬರೆದೆ ನೋಡಿ. ಇದು ಸುಲಭಕ್ಕೆ ಹೋಗುವ ಕಾಯಿಲೆ ಅಲ್ಲ.)

ಗ್ರಂಥಾಲಯದ ಇಲಿ (ಸೋಮವಾರ, ಮಧ್ಯಾಹ್ನ 1:20)

ಒಳ್ಳೆಯ ಚರ್ಚೆ. ಹಾರ್ಮೋನಿಯಂ ಅವರಿಗೆ ಚಪ್ಪಾಳೆ ಬಿದ್ದ ಜಾಗದಲ್ಲೇ ಎಡವಟ್ಟಾದದ್ದು ಅಂತ ನನಗನ್ನಿಸುತ್ತದೆ. ಸಂತ ಅಗಸ್ಟೀನ್ 410ರ ಸುಮಾರಿಗೆ ಡಿಯೋಸ್ಕೋರಸ್ ಅನ್ನುವವನಿಗೆ ಒಂದು ಪತ್ರ ಬರೆದರು. ಸತ್ಯದ ದಾರಿ ಯಾವುದು ಅಂತ ಎಷ್ಟು ಸಲ ಕೇಳಿದರೂ ಮೊದಲನೆಯದು ದೀನತೆ, ಎರಡನೆಯದೂ ದೀನತೆ, ಮೂರನೆಯದೂ ಅದೇ ಅನ್ನುತ್ತಾರೆ. ಈ ಮಾತನ್ನು ಪ್ರಸಂಗಗಳಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೆ ಅವರು ಕೊಟ್ಟ ಕಾರಣವನ್ನು ಯಾರೂ ಹೇಳುವುದಿಲ್ಲ. ಒಳ್ಳೆಯ ಕೆಲಸ ಮಾಡಿದೆ ಅಂತ ನಾವು ಒಳಗೊಳಗೇ ಹಿಗ್ಗುವ ಹೊತ್ತಿಗೆ ಗರ್ವ ಬಂದು ಆ ಕೆಲಸವನ್ನೇ ಕೈಯಿಂದ ಕಿತ್ತುಕೊಂಡು ಹೋಗುತ್ತದಂತೆ. ಬೇರೆ ದೋಷಗಳು ಕೆಟ್ಟ ಕೆಲಸದಲ್ಲಿ ಕಾದಿರುತ್ತವೆ, ಇದು ಒಳ್ಳೆಯ ಕೆಲಸದಲ್ಲೇ ಕಾದಿರುತ್ತದೆ.

ಇನ್ನೊಂದು. 6ನೇ ಶತಮಾನದ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮಗಳ 7ನೇ ಅಧ್ಯಾಯ ಪೂರ್ತಿ ದೀನತೆಯ ಬಗ್ಗೆ. 12 ಮೆಟ್ಟಿಲಿನ ಏಣಿ. ಮೊದಲ ಮೆಟ್ಟಿಲು ದೇವರ ಭಯವನ್ನು ಸದಾ ಕಣ್ಣ ಮುಂದೆ ಇಟ್ಟುಕೊಳ್ಳುವುದು. ತಲೆ ಬಗ್ಗಿಸಿ, ನೆಲ ನೋಡಿಕೊಂಡು ನಡೆಯುವುದು ಹನ್ನೆರಡನೆಯದು, ಕಟ್ಟಕಡೆಯದು. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ತಲೆ ಬೇಗ ಬಗ್ಗುತ್ತದೆ. ಒಳಗಿನದು ಬಗ್ಗುವುದಿಲ್ಲ.

ಐದನೇ ಮೆಟ್ಟಿಲು ಮನಸ್ಸಿಗೆ ಬಂದ ಕೆಟ್ಟ ಯೋಚನೆಯನ್ನು ಮಠದ ಹಿರಿಯರ ಮುಂದೆ ಮುಚ್ಚಿಡದೆ ಹೇಳುವುದು. ತಾಳ ತಪ್ಪಿದ್ದಕ್ಕೆ ಖುಷಿಪಟ್ಟೆ ಅಂತ ಬರೆದಿರಲ್ಲ, ಅದು ಆ ಮೆಟ್ಟಿಲಿನ ಕೆಲಸವೇ.

ಕಂಬಳಿ ಕೊಪ್ಪೆ (ಮಧ್ಯಾಹ್ನ 1:31)

ನಿಜವಾದ ಹೆಸರು ಹಾಕದೆ ಬರೆದಿದ್ದಾರೆ ಇಲಿಯವರೇ. ನಾಲ್ಕೂವರೆ ಮೆಟ್ಟಿಲು ಅಂತ ಬರ್ಕೊಳ್ಳಿ.

ಕೊನೆಗಾರ (ಸೋಮವಾರ, ರಾತ್ರಿ 8:50)

ಇವತ್ತು ಕೊನೆ ಕೊಯ್ಲು ಮುಗಿಸಿ ಬಂದು ಎಲ್ಲ ಓದಿದೆ. ನಾನು ಹೊಸನಗರದ ಕಡೆಯವನು, ಅಡಿಕೆ ಮರ ಹತ್ತುವವನು. ನನ್ನದೊಂದು ಮಾತಿದೆ. ಬೇಜಾರಾದರೆ ಆಗಲಿ.

ತಲೆ ಬಗ್ಗಿಸುವುದು ಕೊನೇ ಮೆಟ್ಟಿಲು ಅಂದಿರಿ. ನಮಗೆ ಅದು ಮೆಟ್ಟಿಲೇ ಅಲ್ಲ. ಕೂಲಿಯ ಜೊತೆಗೇ ಬರುತ್ತಿತ್ತು. ನಮ್ಮಪ್ಪ ಯಾರ ಮನೆಯ ಜಗಲಿಯನ್ನೂ ಹತ್ತಿದವರಲ್ಲ. ಅಂಗಳದ ತುದಿಯಲ್ಲಿ ನಿಂತು, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದರು. ಅಪ್ಪ ಚರ್ಚಿಗೆ ಬಂದದ್ದು ಅಲ್ಲಿ ಟವೆಲ್ ಹೆಗಲ ಮೇಲೇ ಇರಬಹುದು ಅಂತ. ಅಂಥವರನ್ನು ಮುಂದೆ ಕೂರಿಸಿಕೊಂಡು ದೀನರಾಗಿರಿ ಅಂತ ಒಂದು ಗಂಟೆ ಪ್ರಸಂಗ ಮಾಡಿದರೆ ಏನು ಅರ್ಥ? ಫಿಲಿಪ್ಪಿಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಬರಿದು ಮಾಡಿಕೊಂಡ ಅಂತ ಇದೆ. ಕೈಯಲ್ಲಿ ಇದ್ದವನು ಬಿಟ್ಟುಕೊಟ್ಟ. ಇಲ್ಲದವನ ಹತ್ತಿರ ಬಿಡು ಅಂದರೆ ಅವನು ಏನನ್ನು ಬಿಡಬೇಕು?

ಪವಿತ್ರ ಗುರುವಾರದ ಒಂದು ಕತೆ ಹೇಳುತ್ತೇನೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಪೂಜೆಯಲ್ಲಿ ಫಾದರ್ 12 ಜನರ ಕಾಲು ತೊಳೆಯುತ್ತಾರೆ. ಒಂದು ವರ್ಷ ಆ 12 ಜನರಲ್ಲಿ ನನ್ನನ್ನೂ ಹಾಕಿದ್ದರು. ಅವತ್ತು ತೋಟಕ್ಕೆ ನೀರು ಬಿಡುವ ಕೆಲಸ. ಕರೆಂಟ್ ಬಂದದ್ದೇ ಸಂಜೆ ನಾಲ್ಕಕ್ಕೆ. ಮುಗಿಸಿ ಓಡಿಬಂದೆ, ಮನೆಗೆ ಹೋಗೋಕೆ ಆಗಲಿಲ್ಲ. ಬೆಂಚಿನ ಮೇಲೆ ಕೂತು ಆಚೀಚೆ ನೋಡಿದೆ. ಹನ್ನೊಂದು ಜನರ ಕಾಲೂ ಬೆಳ್ಳಗಿದೆ! ಎಲ್ಲರೂ ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ತೆಗೆದು ಬಂದಿದ್ದಾರೆ. ಒಬ್ಬರ ಕಾಲಿನಿಂದ ಪೌಡರ್ ವಾಸನೆ. ನನ್ನ ಹಿಮ್ಮಡಿ ಒಡೆದು ಬಿರುಕಿನಲ್ಲೆಲ್ಲ ಕೆಂಪು ಮಣ್ಣು. ನನ್ನದು ನಾಲ್ಕನೇ ಸರದಿ. ಫಾದರ್ ಮೂರು ಕಾಲಿಗೆ ಒಂದೊಂದು ಚೊಂಬು ನೀರು ಸುರಿದು ಒರೆಸಿ ಬಂದರು. ನನ್ನ ಹತ್ತಿರ ಬಂದು ಸುರಿದರು. ಮಣ್ಣು ಹೋಗಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಬಿರುಕು ಉಜ್ಜಿದರು. ಬೇಸಿನ್ನಿನ ನೀರು ಕೆಂಪಾಯಿತು. ಹಾಡು ಮುಗಿದುಹೋಯಿತು, ನನ್ನ ಕಾಲು ಮುಗಿಯಲಿಲ್ಲ. ಹಾಡಿನವರು ಮತ್ತೆ ಮೊದಲಿಂದ ಶುರು ಮಾಡಿದರು.

ನನಗೆ ನೆಲ ಬಾಯಿ ಬಿಟ್ಟು ನುಂಗಲಿ ಅನ್ನಿಸಿತು. ಕಾಲು ಎಳೆದುಕೊಳ್ಳಲು ನೋಡಿದೆ. ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಯೋಹಾನ 13ರಲ್ಲಿ ಶಿಷ್ಯ ಪೇತ್ರ ಯೇಸುವಿಗೆ ನನ್ನ ಕಾಲು ತೊಳೆಯಲೇಬೇಡ ಅನ್ನುತ್ತಾನಲ್ಲ, ನಾನು ಅದನ್ನು ಅವನ ಭಕ್ತಿ ಅಂದುಕೊಂಡಿದ್ದೆ. ಅಲ್ಲ. ಮಣ್ಣು ಕಾಣಿಸಬಾರದು ಅಂತ. ಇಲ್ಲದವನ ಹತ್ತಿರ ಏನಿದೆ ಬಿಡೋಕೆ ಅಂತ ಮೇಲೆ ಕೇಳಿದೆನಲ್ಲ, ನನ್ನ ಹತ್ತಿರ ಅದೊಂದು ಇತ್ತು.

ಹಾರ್ಮೋನಿಯಂ ಅವರೇ, ನೀವು ಬಿಟ್ಟುಕೊಟ್ಟೆ ಅಂದಿರಿ. ಬಿಟ್ಟುಕೊಡುವುದು ತೊಳೆಯುವವನ ಕಡೆಯ ಕೆಲಸ. ಅದು ನಿಮಗೆ ಬರುತ್ತದೆ. ಆ ಹುಡುಗನ ಮುಂದೆ ಕಾಲು ಚಾಚಿ ಕೂರುವುದು ಬರುತ್ತದಾ ನೋಡಿ.

ನಿರ್ವಾಹಕರು (ರಾತ್ರಿ 9:30)

ಮೇಲಿನ ಮಾತಿಗೆ ಜಾತಿ ಹಿಡಿದು ಬಂದ ಒಂದು ಉತ್ತರವನ್ನು ತೆಗೆದಿದ್ದೇನೆ. ಮತ್ತೆ ಹಾಕಿದರೆ ಖಾತೆಯನ್ನೂ ತೆಗೆಯುತ್ತೇನೆ.

ಸಾಗರದ ಸೊಸೆ (ಮಂಗಳವಾರ, ಮಧ್ಯಾಹ್ನ 3:05)

ಕೊನೆಗಾರ ಅಣ್ಣ, ಎರಡು ಸಲ ಓದಿದೆ. ಹೆಂಗಸರ ಕಡೆಯದನ್ನೂ ಸೇರಿಸುತ್ತೇನೆ. ಆ 12 ಜನರಲ್ಲಿ ಗಂಡಸರೇ ಇರಬೇಕು ಅಂತ ನಿಯಮ ಇತ್ತು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ತೊಳೆದವರಲ್ಲಿ ಇಬ್ಬರು ಹುಡುಗಿಯರಿದ್ದರು. ಬರವಣಿಗೆಯಲ್ಲಿ ನಿಯಮ ಬದಲಾದದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರ ಕೊಳೆ ಉಜ್ಜುವವರು ನಾವು, ಬೆಂಚಿನ ಮೇಲೆ ಕೂರುವವರು ಅವರು. ಮನೆಯಲ್ಲಿ ಜಗಳ ಆದರೆ ತಗ್ಗಿ ನಡಿ ಅಂತ ಹೇಳಿಸಿಕೊಳ್ಳುವವರೂ ನಾವೇ. ಹೊಡೆಯುವ ಗಂಡನ ಮುಂದೆ ತಗ್ಗುವುದನ್ನು ದೀನತೆ ಅಂತ ಯಾರಾದರೂ ಹೇಳಿಕೊಟ್ಟರೆ ನಂಬಬೇಡಿ ಅಂತ ನಾನು ಹುಡುಗಿಯರಿಗೆ ನೇರವಾಗಿಯೇ ಹೇಳುತ್ತೇನೆ.

ಅಷ್ಟು ಹೇಳಿ ಈಗ ನನ್ನದಕ್ಕೆ ಬರುತ್ತೇನೆ. ನನ್ನ ಗರ್ವ ಇರುವುದು ಅಡುಗೆಮನೆಯಲ್ಲಿ. ತೆನೆ ಹಬ್ಬಕ್ಕೆ ಮನೆಯಲ್ಲಿ 25 ಜನ. ಯಾರನ್ನೂ ಒಲೆ ಹತ್ತಿರ ಬಿಡುತ್ತಿರಲಿಲ್ಲ. "ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ." ಆಮೇಲೆ ಬೆನ್ನು ಹಿಡಿದುಕೊಂಡು ಹಜಾರದವರೆಗೂ ಕೇಳುವ ಹಾಗೆ ಪಾತ್ರೆ ಕುಕ್ಕುತ್ತಿದ್ದೆ. ತ್ಯಾಗ ಅಂದರೆ ನಾನೇ. ಎಲ್ಲರಿಗೂ ಗೊತ್ತಾಗಬೇಕಲ್ಲ!

ಹೋದ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದೆ. ಡಾಕ್ಟರು ಮೂರು ವಾರ ಏಳಬೇಡ ಅಂದರು. ಓರಗಿತ್ತಿ ಬಂದಳು. ನನ್ನ ಡಬ್ಬಿಗಳನ್ನೆಲ್ಲ ಅವಳಿಗೆ ಬೇಕಾದ ಹಾಗೆ ಜೋಡಿಸಿಕೊಂಡಳು. ಮಲಗಿದಲ್ಲೇ ಶಬ್ದ ಕೇಳಿ ಯಾವ ಡಬ್ಬಿ ಎಲ್ಲಿಗೆ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದೆ. ಹಬ್ಬದ ದಿನ ತಟ್ಟೆಯಲ್ಲಿ ಕಡುಬು ತಂದುಕೊಟ್ಟಳು. ನನ್ನದಕ್ಕಿಂತ ಮೆತ್ತಗಿತ್ತು. ಎರಡು ತಿಂದೆ. ಮೂರನೆಯದು ಬೇಕಿತ್ತು. ಕೇಳಲಿಲ್ಲ.

ಒಂದು ವರ್ಷ ಆಯ್ತು. ಆ ಮೂರನೇ ಕಡುಬು ಈಗಲೂ ಗಂಟಲಲ್ಲಿದೆ.

ಭದ್ರಾವತಿ 64 (ಮಂಗಳವಾರ, ಸಂಜೆ 5:40)

ತಂಗಿ, ಫೋನ್ ಮಾಡಿ ಕೇಳಮ್ಮ. ಇನ್ನೂ ಹೊತ್ತು ಮೀರಿಲ್ಲ.

ಹಳೇ ಹಾರ್ಮೋನಿಯಂ (ಭಾನುವಾರ, ಮಧ್ಯಾಹ್ನ 2:10)

ಎಲ್ಲ ಓದಿದೆ. ಉತ್ತರ ಬರೆಯಲು ಕೈ ಬರಲಿಲ್ಲ. ಅಡಿಕೆ ಸುಲಿಯುತ್ತಾ ಕೊನೆಗಾರರ ಮಾತನ್ನೇ ಮೆಲುಕು ಹಾಕುತ್ತಿದ್ದೆ.

ಇವತ್ತು ಚರ್ಚಿಗೆ ಹೋದೆ. ಮುಂದಿನ ಸಾಲಿನ ಕುರ್ಚಿ ಖಾಲಿ ಇತ್ತು. ಕೂರಲಿಲ್ಲ. ಲೂಕ 14ರಲ್ಲಿ ಮದುವೆ ಊಟಕ್ಕೆ ಹೋದರೆ ಕೊನೆಯ ಜಾಗದಲ್ಲಿ ಕೂತುಕೋ ಅಂತ ಇದೆಯಲ್ಲ. ಕೊನೇ ಬೆಂಚಿಗೆ ಹೋದೆ, ಕಂಬದ ಪಕ್ಕ. ಹತ್ತು ನಿಮಿಷ ಆದ ಮೇಲೆ ಗೊತ್ತಾಯಿತು, ನಾನು ಪೂಜೆ ಕೇಳುತ್ತಿಲ್ಲ. ಯಾರು ಹಿಂದೆ ತಿರುಗಿ ನನ್ನನ್ನು ನೋಡಿದರು ಅಂತ ಎಣಿಸುತ್ತಿದ್ದೇನೆ. ನಾಲ್ಕು ಜನ. ಆ ವಚನದ ಮುಂದಿನ ಸಾಲು "ಸ್ನೇಹಿತನೇ, ಮೇಲಕ್ಕೆ ಬಾ" ಅಂತ ಕರೆಯುವುದು. ನಾನು ಅದಕ್ಕೇ ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ. ಸಿಟ್ಟು ಬಂತು.

ಇನ್ನೊಂದು ಪ್ರಶ್ನೆ. ನಾನು ಚೆನ್ನಾಗಿ ಹಾಡುತ್ತೇನೆ ಅನ್ನುವುದು ನಿಜ. ಅದು ಗೊತ್ತಿರುವುದೂ ತಪ್ಪಾ?

ಗ್ರಂಥಾಲಯದ ಇಲಿ (ಮಧ್ಯಾಹ್ನ 2:45)

ತಪ್ಪಲ್ಲ. ಇರುವ ಗುಣವನ್ನು ಇಲ್ಲ ಅನ್ನುವುದು ಸುಳ್ಳು, ದೀನತೆ ಅಲ್ಲ. ಪೌಲ ಕೊರಿಂಥದವರನ್ನು ಕೇಳಿದ್ದು ಬೇರೆ: ನಿನ್ನ ಹತ್ತಿರ ಇರುವುದರಲ್ಲಿ ನಿನಗೆ ಯಾರೂ ಕೊಡದೆ ಬಂದದ್ದು ಯಾವುದು? ನಿಮಗೆ ಹಾಡು ಹೇಳಿಕೊಟ್ಟವರು ಒಬ್ಬರು ಇದ್ದಿರಬೇಕಲ್ವಾ?

2 ಅರಸುಗಳು 5ನೇ ಅಧ್ಯಾಯದ ನಾಮಾನನನ್ನು ನೋಡಿ. ಸಿರಿಯಾದ ಸೇನಾಪತಿ, ಮೈಯಲ್ಲಿ ಕುಷ್ಠ. ಪ್ರವಾದಿ ಎಲೀಷ ಮನೆಯಿಂದ ಹೊರಗೂ ಬರದೆ, ಹೋಗಿ ಯೊರ್ದನಿನಲ್ಲಿ ಏಳು ಸಲ ಮುಳುಗು ಅಂತ ಆಳಿನ ಕೈಯಲ್ಲಿ ಹೇಳಿಕಳಿಸಿದ. ನಾಮಾನನಿಗೆ ಮೈ ಉರಿಯಿತು. ನಮ್ಮ ದಮಸ್ಕದ ಅಬಾನಾ, ಪರ್ಪರ್ ನದಿಗಳು ಈ ಊರಿನ ಎಲ್ಲ ನೀರಿಗಿಂತ ಮೇಲಲ್ಲವಾ ಅಂದ. "ಗಂಗಾ ಸ್ನಾನ, ತುಂಗಾ ಪಾನ" ಅಂದುಕೊಂಡು ಬೆಳೆದ ನಮಗೆ ಈ ನದಿಯ ಜಂಬ ಚೆನ್ನಾಗಿಯೇ ಅರ್ಥವಾಗುತ್ತದೆ. ಅವನನ್ನು ನೀರಿಗೆ ಇಳಿಸಿದ್ದು ಯಾರು? ಅವನ ಆಳುಗಳು. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಇದು ಸಣ್ಣದು ಅಂತ ತಾನೇ ಬೇಡ ಅನ್ನುತ್ತಿದ್ದೀರಿ ಅಂದರು. ಕೊನೇ ಬೆಂಚು ದೊಡ್ಡ ಕೆಲಸ ಸ್ವಾಮಿ. ಸಣ್ಣದು ಯಾವುದು ಹುಡುಕಿ.

ಭದ್ರಾವತಿ 64 (ಸಂಜೆ 6:15)

ನಾನು ಮಾಡಿದ್ದು ಹೇಳುತ್ತೇನೆ. ನನ್ನ ಬದಲು ಸಾಕ್ಷಿ ಹೇಳಲು ಕರೆದವನ ಹೆಸರು ಹಿಡಿದು ದಿನಾ ಪ್ರಾರ್ಥನೆ ಮಾಡಿದೆ. "ಅವನಿಗೆ ಬುದ್ಧಿ ಕೊಡು" ಅಂತ ಅಲ್ಲ. "ಅವನು ಚೆನ್ನಾಗಿ ಮಾತಾಡಲಿ" ಅಂತ. ಮೊದಲ ಎರಡು ವಾರ ಬಾಯಿ ಮಾತ್ರ ಆಡುತ್ತದೆ. ಆಡಲಿ ಬಿಡಿ.

ಕೊನೆಗಾರ (ರಾತ್ರಿ 9:05)

ಪ್ರ್ಯಾಕ್ಟೀಸಿಗೆ ಹೋಗಿ. ಕಲಿಸೋಕೆ ಅಲ್ಲ, ಅವನು ಹೇಳಿದ್ದು ಹಾಡೋಕೆ.

ಹಳೇ ಹಾರ್ಮೋನಿಯಂ (ಶುಕ್ರವಾರ, ರಾತ್ರಿ 10:30)

ಹೋದೆ.

ಹುಡುಗ ಖುಷಿಪಟ್ಟ. ಕುರ್ಚಿ ತಂದುಕೊಟ್ಟ. ಪವಿತ್ರ ರಾತ್ರಿಯ ಹಾಡುಗಳಲ್ಲಿ ಒಂದನ್ನು ನಾನೇ ಊರಿಗೆ ಕಲಿಸಿದ್ದು. ಎರಡನೇ ಸಾಲಿಗೆ ಬಂದಾಗ ಅವನು ಕೈ ನಿಲ್ಲಿಸಿದ. "ಅಂಕಲ್, ಬೇಜಾರು ಮಾಡ್ಕೋಬೇಡಿ, ಅಲ್ಲಿ ಒಂದು ಸ್ವರ ಕೆಳಗೆ ಹೋಗ್ತಿದ್ದೀರಿ." ಸಾಧ್ಯವೇ ಇಲ್ಲ ಅಂದೆ. ಮೊಬೈಲಿನಲ್ಲಿ ನನ್ನದನ್ನು ರೆಕಾರ್ಡ್ ಮಾಡಿ, ಪುಸ್ತಕದ ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ, ಎರಡನ್ನೂ ಕೇಳಿಸಿದ. ನಾನೇ ಕೆಳಗೆ. ಇವತ್ತಿಂದಲ್ಲ, 22 ವರ್ಷದಿಂದ. ನಾನು ಹೇಳಿಕೊಟ್ಟ ಹಾಗೆ ಇಡೀ ಚರ್ಚು ಆ ಸ್ವರದಲ್ಲಿ ಕೆಳಗೆ ಇಳಿಯುತ್ತಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಅಲ್ಲೂ ಹೋಗಿ ಇಳಿಯುತ್ತಿರಬೇಕು.

ನಾನು ಏನೂ ಹೇಳುವ ಮೊದಲೇ ಅವನೇ, "ಬಿಡಿ ಅಂಕಲ್, ಎಲ್ಲರಿಗೂ ನಿಮ್ಮ ಧಾಟೀನೇ ಬಾಯಿಗೆ ಬಂದಿದೆ. ನಾನೇ ಬದಲಾಯಿಸ್ಕೊಳ್ತೀನಿ" ಅಂದ. ನಾನು "ಹಾಗೇ ಮಾಡು" ಅಂದೆ. ದೊಡ್ಡ ಮನಸ್ಸಿನಿಂದ ಅಂದೆ ಅಂತ ಅವನು ತಿಳಿದುಕೊಂಡ. ಬೈಕಿನಲ್ಲಿ ಮಂಡಗದ್ದೆ ಬರುವವರೆಗೂ ನಾನು ಗೆದ್ದೆ ಅನ್ನುವ ಗುಂಗಿನಲ್ಲೇ ಇದ್ದೆ. ಅಲ್ಲಿ ಹೊಳೆ ಪಕ್ಕ ಗಾಡಿ ನಿಲ್ಲಿಸಿದೆ. ಚಳಿ ಇತ್ತು. ಅವನು ನನಗಿಂತ 30 ವರ್ಷ ಚಿಕ್ಕವನು. ಸ್ವರ ಸರಿ ಇದ್ದದ್ದು ಅವನದು. ಬಿಟ್ಟುಕೊಟ್ಟವನೂ ಅವನೇ.

ಕೊನೆಗಾರ (ರಾತ್ರಿ 10:41)

ಕಾಲು ಎಳ್ಕೊಂಡ್ರಿ ನೀವು.

ಹಳೇ ಹಾರ್ಮೋನಿಯಂ (ರಾತ್ರಿ 10:44)

ಹೌದು ಮಾರಾಯ.

ಸಾಗರದ ಸೊಸೆ (ಶನಿವಾರ, ಬೆಳಗ್ಗೆ 11:20)

ಓರಗಿತ್ತಿಗೆ ಫೋನ್ ಮಾಡಿದೆ. ಕಡುಬು ಅಷ್ಟು ಮೆತ್ತಗೆ ಹೇಗೆ ಬರುತ್ತೆ ಅಂತ ಕೇಳಿದೆ. ಅವಳು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ "ಅಕ್ಕಾ, ಹುಷಾರಿದ್ದೀಯಾ?" ಅಂದಳು.

ಹಳೇ ಹಾರ್ಮೋನಿಯಂ (ಶನಿವಾರ, ಸಂಜೆ 7:50)

ಹುಡುಗನಿಗೆ ಫೋನ್ ಮಾಡಿ, ನೀನು ಬದಲಾಯಿಸಬೇಡ, ನಾನು ಕಲಿಯುತ್ತೇನೆ, ನಾಳೆ ಪೂಜೆ ಮುಗಿದ ಮೇಲೆ ಎಲ್ಲರಿಗೂ ನೀನೇ ಹೇಳಿಕೊಡು ಅಂದೆ. ಮುಜುಗರ ಪಟ್ಟುಕೊಂಡ. ಒಪ್ಪಿದ.

ಆಮೇಲೆ ಹಾರ್ಮೋನಿಯಂ ಇಳಿಸಿಕೊಂಡು ಆ ಸಾಲನ್ನು ಹಿಡಿದೆ. ಬೆರಳು ಹಳೇ ಮನೆಗೇ ಹೋಗುತ್ತದೆ. ಹತ್ತು ಸಲ, ಹದಿನೈದು ಸಲ. ಕೊನೆಗೊಮ್ಮೆ ಪುಸ್ತಕದಲ್ಲಿ ಇದ್ದ ಹಾಗೆಯೇ ಬಂತು. ಮತ್ತೊಮ್ಮೆ ಬಾರಿಸಿದೆ, ಸರಿಯಾಗಿಯೇ ಬಂತು.

ಅಡುಗೆಮನೆಯಿಂದ ಮನೆಯವಳು ಕೂಗಿದಳು: "ರೀ, ಎಷ್ಟು ಹೊತ್ತಿಂದ ತಪ್ಪು ಬಾರಿಸ್ತಿದ್ದೀರಲ್ಲ!"